ಎದ್ದು ನಿಂತವರ ಎಣಿಕೆ

ಎಡಗಾಲಿಗೆ ಕಟ್ಟುವ ಕಬ್ಬಿಣದ ಆಸರೆಯ ಕೊನೆಯ ಬಕಲ್ ಬಿಗಿಯುವಾಗ ಹೆಂಡತಿಯ ಉಗುರು ತಗುಲಿ ಮೊಣಕಾಲಿನ ಪಕ್ಕ ಒಂದು ಗೀರು ಮೂಡಿತು. ಗೀರಿನುದ್ದಕ್ಕೂ ರಕ್ತ ಸಣ್ಣಗೆ ಜಿನುಗಿದ್ದು ಅವನಿಗೆ ಕಂಡಿತು, ನೋವು ಮಾತ್ರ ಬರಲಿಲ್ಲ. ಪಕ್ಕದ ಮನೆಯವರಿಗೆ ಪೆಟ್ಟಾದಾಗ ನೋಡುವ ಹಾಗೆ ಅದನ್ನೇ ನೋಡುತ್ತ ಕೂತ. ಹೇಳುವುದೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಅವಳು ಪ್ಯಾಂಟನ್ನು ಕೆಳಗೆಳೆದು ಎಲ್ಲವನ್ನೂ ಮುಚ್ಚಿಬಿಟ್ಟಳು: ಕಬ್ಬಿಣ, ಚರ್ಮದ ಪಟ್ಟಿ, ಕಾಲಿಗೆ ಕಟ್ಟಿದ ಮೂತ್ರದ ಚೀಲ, ಈಗ ಈ ಗೀರು. ಪ್ಯಾಂಟು ಅವಳೇ ಹೊಲಿದದ್ದು. ಮೂವತ್ತು ವರ್ಷ ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದ ಕೈ, ಗಂಡನ ಕಬ್ಬಿಣ ಯಾರ ಕಣ್ಣಿಗೂ ಬೀಳಬಾರದೆಂದು ಕಾಲಿಗೆ ಎರಡೆರಡು ಇಂಚು ಹೆಚ್ಚು ಬಿಟ್ಟು ಹೊಲಿದಿತ್ತು. "ಕನ್ನಡಿ ನೋಡ್ಕೊಳ್ಳಿ. ಒಳಗೇನಿದೆ ಅಂತ ಒಬ್ಬನಿಗೂ ಗೊತ್ತಾಗಲ್ಲ," ಎಂದಳು. ಗೊತ್ತಿಲ್ಲದವರು ಯಾರಿದ್ದಾರೆ ಈ ಊರಲ್ಲಿ, ಎಂದುಕೊಂಡ. ಒಂಬತ್ತು ತಿಂಗಳಿಂದ ಜನ ಅವನ ಕಾಲು ಬಿಟ್ಟು ಬೇರೆ ಮಾತಾಡಿದ್ದರೆ ಕೇಳಿ.

ಹನ್ನೊಂದು ಗಂಟೆಗೆ ನಗರಸಭೆ. ಅಲ್ಲಿ ಅವನು ಒಂದು ನಿಮಿಷ ನಿಲ್ಲಬೇಕು. ನಿಂತರೆ ಅಧ್ಯಕ್ಷಗಿರಿ ಉಳಿಯಿತು, ನಿಲ್ಲದಿದ್ದರೆ ಮನೆ. ಐದು ಸಲ ಚುನಾವಣೆಗೆ ನಿಂತು ಗೆದ್ದವನಿಗೆ ಒಂದು ನಿಮಿಷ ನೆಲದ ಮೇಲೆ ನಿಲ್ಲುವುದು ಇಷ್ಟು ದೊಡ್ಡ ಚುನಾವಣೆಯಾದೀತೆಂದು ಯಾರು ಕಂಡಿದ್ದರು. ಮೂರು ದಿನದ ಜ್ವರ, ನಾಲ್ಕನೆಯ ಬೆಳಿಗ್ಗೆ ಹಾಸಿಗೆಯಿಂದ ಇಳಿಯಲು ಹೋದರೆ ಮೈ ಇಳಿಯಿತು, ಕಾಲು ಮೇಲೆಯೇ ಉಳಿಯಿತು. ಬೆನ್ನುಹುರಿಗೆ ಊತ ಎಂದರು ಡಾಕ್ಟರು. ಊತ ಇಳಿಯಿತು, ಕಾಲು ಬರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಂಗಸು, ಎಮ್ಮೆಯಂಥ ತಾಳ್ಮೆಯವಳು, ದಿನಾ ಅವನನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿ ಹೇಳುತ್ತಿದ್ದಳು: "ಹೇಳಿ ಸಾರ್, ಕಾಲಿಗೆ ಹೇಳಿ. ಕಾಲಿಗೆ ಬುದ್ಧಿ ಹೇಳಿ." ತಾನು ಏನಂದೆ ಎಂದು ಅವಳಿಗೇ ತಡವಾಗಿ ಹೊಳೆದು ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅವನೂ ನಕ್ಕಿದ್ದ, ಕಾಯಿಲೆ ಬಿದ್ದ ಮೇಲೆ ಮೊದಲ ಸಲ. ಕಾಲಿಗೆ ಬುದ್ಧಿ ಹೇಳುವುದೆಂದರೆ ಓಡಿಹೋಗುವುದು ತಾನೇ. "ನನ್ನ ಕಾಲು ಬುದ್ಧಿಮಾತು ಕೇಳಲ್ಲಮ್ಮ, ಅದಕ್ಕೇ ನಾನು ಎಲ್ಲಿಗೂ ಓಡಿಹೋಗಲ್ಲ," ಎಂದಿದ್ದ. ರಾಜೀನಾಮೆ ಕೊಟ್ಟು ಆರಾಮಾಗಿ ಇರಿ ಎಂದು ಹೇಳಲು ಬಂದ ಹಿತೈಷಿಗಳಿಗೆಲ್ಲ ಆಮೇಲೆ ಅದೇ ಉತ್ತರ. ನಗುವವರು ನಕ್ಕರು, ಉಳಿದವರು ಪಾಪ ಎಂದರು. ಈ ಪಾಪ ಎನ್ನುವ ಎರಡಕ್ಷರಕ್ಕೆ ಅವನ ಮೈ ಉರಿಯುತ್ತಿತ್ತು. ಸದ್ಯ, ಉರಿಯಲು ಸೊಂಟದಿಂದ ಮೇಲೆ ಇನ್ನೂ ಮೈ ಉಳಿದಿತ್ತು.

ಆದರೆ ನಿಲ್ಲಬೇಕೆಂಬ ನಿಯಮವನ್ನು ಬರೆದವನು ಅವನೇ. ಮಾಡಿದ್ದುಣ್ಣೋ ಮಹರಾಯ. ಇಪ್ಪತ್ತೊಂದು ವರ್ಷದ ಹಿಂದೆ, ಶಾಲೆಯ ಆಟದ ಮೇಷ್ಟ್ರ ಕೆಲಸ ಬಿಟ್ಟು ಕೊರಳಿನ ಸೀಟಿ ತೆಗೆಯದೆಯೇ ನಗರಸಭೆಗೆ ಬಂದಿದ್ದ. ಊರಿಗೆಲ್ಲ ಇವತ್ತಿಗೂ ಅವನು ಸೀಟಿ ಮೇಷ್ಟ್ರೇ. ಬಂದು ನೋಡಿದರೆ ಸದಸ್ಯರು ಮತ ಹಾಕುವ ರೀತಿ ಅವನಿಗೆ ಹೇಸಿಗೆ ಹುಟ್ಟಿಸಿತು. ಕೂತಲ್ಲೇ ಗೊಣಗುವುದು, ಅರ್ಧ ಕೈ ಎತ್ತಿ ತಲೆ ಕೆರೆದುಕೊಳ್ಳುವುದು, ಮಾರನೆಯ ದಿನ ಹಾಗಂದೇ ಇಲ್ಲ ಎನ್ನುವುದು. ಮೈದಾನದಲ್ಲಾದರೆ ಇಂಥವರನ್ನು ನಾಲ್ಕು ಸುತ್ತು ಓಡಿಸುತ್ತಿದ್ದ. ಒಂದೇ ತಿಂಗಳಲ್ಲಿ ನಿಯಮ ಮಾಡಿಸಿದ: 'ಒಪ್ಪುವವರು ಏಳತಕ್ಕದ್ದು. ಎಣಿಕೆ ಮುಗಿಯುವವರೆಗೆ ನಿಂತಿರತಕ್ಕದ್ದು. ನಿಂತವರು ಒಪ್ಪಿದವರು, ಕೂತವರು ಒಪ್ಪದವರು. ಬಾಯಿಮಾತು ಲೆಕ್ಕಕ್ಕಿಲ್ಲ.' ಆ ಕೊನೆಯ ವಾಕ್ಯ ಅವನಿಗೆ ಬಹಳ ಇಷ್ಟವಾಗಿತ್ತು. ಬರೆದ ದಿನ ಹೆಂಡತಿಗೆ ಎರಡು ಸಲ ಓದಿ ತೋರಿಸಿದ್ದ. ಅವಳು ಕಾಜ ಹೊಲಿಯುತ್ತ, "ಚೆನ್ನಾಗಿದೆ, ಮಂಡಿನೋವಿನವರು ಏನ್ಮಾಡ್ಬೇಕು?" ಎಂದಿದ್ದಳು. ಅವನು ಎದ್ದು ಹೊರಗೆ ಹೋಗಿದ್ದ. ಆಗೆಲ್ಲ ಅವನು ವಾದ ಗೆಲ್ಲುತ್ತಿದ್ದದ್ದು ಹಾಗೆಯೇ, ಎದ್ದು ಹೋಗಿ. ಈಗ ಎದ್ದು ಹೋಗಲಾರದವನು ಎದುರಿಗಿದ್ದವರ ಮಾತನ್ನು ಕೊನೆಯವರೆಗೆ ಕೇಳಬೇಕು. ಈ ಒಂಬತ್ತು ತಿಂಗಳಲ್ಲಿ ಕೇಳಿದಷ್ಟನ್ನು ಅವನು ಇಪ್ಪತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ. ಕೇಳಿದರೆ ಜನ ಮೊದಲು ಸುಳ್ಳು ಹೇಳಿ, ಆಮೇಲೆ ಸುಸ್ತಾಗಿ ನಿಜ ಹೇಳುತ್ತಾರೆ ಎನ್ನುವುದು ಅವನು ಗಾಲಿಕುರ್ಚಿಯಲ್ಲಿ ಕಲಿತ ಮೊದಲ ರಾಜಕೀಯ.

ಇವತ್ತಿನ ನಿರ್ಣಯ ತಂದವನು ಉಪಾಧ್ಯಕ್ಷ. ಮೇಷ್ಟ್ರ ಶಿಷ್ಯನೇ. ಶಾಲೆಯಲ್ಲಿ ನೂರು ಮೀಟರಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಜಿಂಕೆ ಎಂದು ಹೆಸರಿಟ್ಟವನೂ ಮೇಷ್ಟ್ರೇ. ಒಂದೇ ಚಾಳಿ, ಸೀಟಿ ಊದುವ ಮುಂಚೆಯೇ ಓಡಿಬಿಡುತ್ತಿದ್ದ. ಎಷ್ಟು ಸಲ ಕಿವಿ ಹಿಂಡಿ ವಾಪಸ್ಸು ಗೆರೆಯ ಮೇಲೆ ನಿಲ್ಲಿಸಿದರೂ ಅದು ಹೋಗಲಿಲ್ಲ. ಅದೇ ಜಿಂಕೆ ಈಗ ಗುರುವಿಗೆ ತಿರುಮಂತ್ರ ಹಾಕಿದ್ದಾನೆ. ಅವಿಶ್ವಾಸ ಎಂದು ನಿರ್ಣಯ ತಂದಿದ್ದರೆ ಒಪ್ಪುವ ವಿರೋಧಿಗಳು ಏಳಬೇಕಿತ್ತು, ಕೂತ ಅಧ್ಯಕ್ಷ ತಾನಾಗಿಯೇ ತನ್ನ ಕಡೆಗೆ ಎಣಿಕೆಯಾಗುತ್ತಿದ್ದ. ಆದ್ದರಿಂದ ಜಿಂಕೆ ಅದನ್ನು ತಿರುಗಿಸಿ ಬರೆದಿದ್ದ: 'ಅಧ್ಯಕ್ಷರು ತಮ್ಮ ಹೊಣೆ ಹೊರಲು ಶಕ್ತರಿದ್ದಾರೆಂದು ಈ ಸಭೆ ಒಪ್ಪುತ್ತದೆ.' ಓದಿದರೆ ಸನ್ಮಾನಪತ್ರದ ಹಾಗಿತ್ತು. ಪತ್ರಿಕೆಯವರು ಉಪಾಧ್ಯಕ್ಷರ ಗುರುಭಕ್ತಿ ಎಂದು ಬರೆದರು. ಎರಡನೆಯ ಸಲ ಓದಿದಾಗ ಮೇಷ್ಟ್ರಿಗೆ ತಿಳಿಯಿತು. ಒಟ್ಟು ಮೂವತ್ತೊಂದು ಜನ. ಹದಿನೈದು ಜನ ತನ್ನ ಕಡೆ ಏಳುತ್ತಾರೆ, ಹದಿನೈದು ಜನ ಜಿಂಕೆಯ ಕಡೆ ಕೂತಿರುತ್ತಾರೆ, ಉಳಿದದ್ದು ತನ್ನದೊಂದು. ಏಳದಿದ್ದರೆ ತಾನು ಅಶಕ್ತನೆಂದು ತಾನೇ ಮತ ಹಾಕಿದ ಹಾಗೆ. ಭಲೇ ಎನಿಸಿತು. ಸಿಟ್ಟಿಗಿಂತ ಮುಂಚೆ ಒಂದು ಹೆಮ್ಮೆ ಬಂತು, ಅದಕ್ಕಾಗಿ ಆಮೇಲೆ ತನ್ನ ಮೇಲೇ ಸಿಟ್ಟು ಬಂತು. "ನಿಲ್ತೀನಿ ಕಣೇ," ಎಂದು ಹೆಂಡತಿಗೆ ಹೇಳಿದ್ದ. "ಅವನ ಕಣ್ಣೆದುರಿಗೇ ನಿಂತು ತೋರಿಸ್ತೀನಿ." ಎರಡು ತಿಂಗಳು ಕಂಬಿ ಹಿಡಿದು ಬೆವರು ಸುರಿಸಿದ್ದ. ಮೊದಲ ದಿನ ನಾಲ್ಕು ಸೆಕೆಂಡು. ಮೊನ್ನೆ ಐವತ್ತೆಂಟು.

ನಗರಸಭೆಯ ಕಟ್ಟಡಕ್ಕೆ ಹನ್ನೊಂದು ಮೆಟ್ಟಿಲು. ಒಂದು ಕಾಲದಲ್ಲಿ ಅವನು ನಾಲ್ಕು ನೆಗೆತಕ್ಕೆ ಹತ್ತುತ್ತಿದ್ದ. ಈಗ ಹಿಂಬಾಗಿಲು, ಅಲ್ಲಿ ಮೆಟ್ಟಿಲಿಲ್ಲ, ಶೌಚಾಲಯವಿದೆ. ಶೌಚಾಲಯದ ಮುಂದಿನ ಒದ್ದೆ ನೆಲ ದಾಟಿ, ಮುರಿದ ಕುರ್ಚಿ ಮೇಜುಗಳನ್ನು ಪೇರಿಸಿಟ್ಟ ಓಣಿಯಲ್ಲಿ ಹಾದು ಅಧ್ಯಕ್ಷರು ಸಭೆಗೆ ಬರುತ್ತಾರೆ. ಮೊದಮೊದಲು ಮುಂಬಾಗಿಲಿನಿಂದಲೇ ಬರುತ್ತೇನೆಂದು ಹಟ ಹಿಡಿದದ್ದಕ್ಕೆ ಇಬ್ಬರು ಜವಾನರು ಕುರ್ಚಿಸಮೇತ ಹೊತ್ತುಕೊಂಡು ಹೋಗಿದ್ದರು. ಆರನೆಯ ಮೆಟ್ಟಿಲಲ್ಲಿ ಒಬ್ಬನು ಇನ್ನೊಬ್ಬನಿಗೆ "ನಿನ್ನ ಕಡೆ ಸ್ವಲ್ಪ ಎತ್ತೋ," ಎಂದ, ಬೀರು ಸಾಗಿಸುವಾಗ ಹೇಳುವ ಹಾಗೆ. ಅಂದಿನಿಂದ ಹಿಂಬಾಗಿಲು. ಇವತ್ತು ಆ ಓಣಿಯಲ್ಲಿ ಜಿಂಕೆ ಕಾಯುತ್ತ ನಿಂತಿದ್ದ. ನಲವತ್ತೈದು ದಾಟಿದರೂ ಹೊಟ್ಟೆ ಬಂದಿಲ್ಲ, ನಿಂತಲ್ಲೂ ಹಿಮ್ಮಡಿ ನೆಲಕ್ಕೆ ತಾಗದ ಹಾಗೆ ನಿಲ್ಲುತ್ತಾನೆ. ಬಗ್ಗಿ ಮೇಷ್ಟ್ರ ಭುಜ ತಟ್ಟಿ, ಅವರ ತಲೆಯ ಮೇಲಿಂದ ಹೆಂಡತಿಯನ್ನು ಕೇಳಿದ: "ಅಕ್ಕಾ, ಮೇಷ್ಟ್ರು ರಾತ್ರಿ ನಿದ್ದೆ ಮಾಡ್ತಾರಾ?" ಅವಳು ಕುರ್ಚಿ ತಳ್ಳುವುದನ್ನು ನಿಲ್ಲಿಸಲೂ ಇಲ್ಲ. "ಅವರ ಬಾಯಿ ನೆಟ್ಟಗೇ ಇದೆಯಪ್ಪ. ಅವರನ್ನೇ ಕೇಳು." ಜಿಂಕೆ ಪಕ್ಕದಲ್ಲೇ ನಡೆಯುತ್ತ, ದನಿ ತಗ್ಗಿಸಿ, "ನಿಮ್ಮ ಒಳ್ಳೇದಕ್ಕೇ ಮೇಷ್ಟ್ರೇ. ನೀವು ಹಿಂಗೆ ಒದ್ದಾಡೋದು ನೋಡೋಕಾಗಲ್ಲ ನಂಗೆ," ಎಂದ. ಅದರಲ್ಲಿ ಸುಳ್ಳಿರಲಿಲ್ಲ, ಅದೇ ಕೆಟ್ಟದ್ದು. "ನೋಡಬೇಡ. ಸೀಟಿ ಊದೋತನಕ ಗೆರೆ ಮೇಲೆ ನಿಂತಿರು, ಸಾಕು," ಎಂದ ಮೇಷ್ಟ್ರು. ಜಿಂಕೆಯ ಕಿವಿ ಕೆಂಪಾಯಿತು. ಅಷ್ಟು ವರ್ಷದ ಮೇಲೂ.

ಸಭಾಂಗಣದಲ್ಲಿ ಅಧ್ಯಕ್ಷರ ಎತ್ತರದ ಕುರ್ಚಿಯನ್ನು ಗೋಡೆಗೆ ಸರಿಸಿ ಅಲ್ಲಿ ಗಾಲಿಕುರ್ಚಿಗೆ ಜಾಗ ಮಾಡಿದ್ದರು. ಮೊದಲು ಆ ಕುರ್ಚಿಯಿಂದ, ಅದಕ್ಕಿಂತ ಹೆಚ್ಚಾಗಿ ಎದ್ದು ನಿಂತು ಮಾತಾಡುವಾಗ, ಅವನಿಗೆ ಕಾಣುತ್ತಿದ್ದದ್ದು ಬರೀ ನೆತ್ತಿಗಳು: ಬೋಳು, ಬಣ್ಣ ಹಾಕಿದ್ದು, ಎಣ್ಣೆ ಹಚ್ಚಿದ್ದು. ಈಗ ಮುಖಗಳು ಕಾಣುತ್ತವೆ. ಕೂತವರು ಮತ ಹಾಕುವಾಗ ಏನು ಮಾಡುತ್ತಾರೆಂದು ಅವನಿಗೆ ಗೊತ್ತಾದದ್ದು ಕೂತ ಮೇಲೆಯೇ. ಒಬ್ಬ ಉಂಗುರ ತಿರುಗಿಸುತ್ತಾನೆ, ಒಬ್ಬ ಎದ್ದು ನಿಂತವರ ಬೆನ್ನ ಹಿಂದೆ ಮರೆಯಾಗುವ ಹಾಗೆ ಕುಗ್ಗುತ್ತಾನೆ, ಒಬ್ಬ ಚಪ್ಪಲಿ ನೋಡುತ್ತಾನೆ. ಯಾರೂ ತಪ್ಪಿಸಿಕೊಳ್ಳಬಾರದೆಂದು ತಾನು ಮಾಡಿದ ನಿಯಮದಲ್ಲಿ ತಪ್ಪಿಸಿಕೊಳ್ಳುವವರಿಗೆ ಎಷ್ಟು ದೊಡ್ಡ ಬಾಗಿಲು ಇಟ್ಟಿದ್ದೆ, ಎನಿಸಿತು. ಮೇಲುಗಡೆ ಸಾರ್ವಜನಿಕರ ಜಾಗದಲ್ಲಿ ಹೆಂಡತಿ ತನ್ನ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ವ್ಯಾಯಾಮದ ಹೆಂಗಸು, ರಜೆ ಹಾಕಿ ಬಂದಿದ್ದಳು. ಕೆಳಗೆ ಕಾರ್ಯದರ್ಶಿ. ಮೂವತ್ತು ವರ್ಷದಿಂದ ಈ ಸಭೆಯ ಎಣಿಕೆಯೆಲ್ಲ ಅವರದೇ. ಪೆನ್ಸಿಲಿನ ಹಿಂಬದಿಯನ್ನು ಗಾಳಿಯಲ್ಲಿ ಒಬ್ಬೊಬ್ಬರ ಕಡೆ ಕುಟ್ಟುತ್ತ, ತುಟಿ ಅಲ್ಲಾಡಿಸುತ್ತ ಎಣಿಸುತ್ತಾರೆ. ಮುಖ ನೋಡುವುದಿಲ್ಲ, ನಿಂತಿದ್ದಾರೋ ಇಲ್ಲವೋ ಅಷ್ಟೇ. ಬೆಳಿಗ್ಗೆ ಫೋನು ಮಾಡಿ ಪಿಸುಗುಟ್ಟಿದ್ದರು: "ಬೇಗ ಬೇಗ ಎಣಿಸ್ತೀನಿ ಸಾರ್. ನಿಮ್ಮನ್ನ ಕೊನೇಲಿ ಇಟ್ಕೋತೀನಿ. ನೀವು ನಿಧಾನಕ್ಕೆ ಏಳಿ, ನಾನು ಕಾಯ್ತೀನಿ."

ಕಾಯ್ತೀನಿ ಎಂದಿದ್ದರು. ಬೆಳಿಗ್ಗೆಯಿಂದ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಇತ್ತು. ಲಾಳಿ ಅಜ್ಜಿಗೆ ಯಾರೂ ಕಾದಿರಲಿಲ್ಲ. ಲಾಳಿ ಅಜ್ಜಿ ಮಗ್ಗದ ಬೀದಿಯಿಂದ ಗೆದ್ದು ಬಂದವಳು, ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ಮಂಡಿ ಎರಡೂ ಕೈಕೊಟ್ಟಿದ್ದವು. ಹತ್ತೊಂಬತ್ತು ವರ್ಷದ ಹಿಂದೆ ಒಂದೇ ಒಂದು ಹೊಸ ನೀರಿನ ಪೈಪಿಗೆ ಅನುಮತಿ ಬಂದಿತ್ತು. ಮಗ್ಗದ ಬೀದಿಗೆ ಬೇಕು ಎಂದು ಅಜ್ಜಿ ನಿರ್ಣಯ ತಂದಳು. ಮೈದಾನಕ್ಕೆ ಬೇಕು ಎಂದು ಅವನು ಪಟ್ಟು ಹಿಡಿದ. ಹುಲ್ಲು ಒಣಗುತ್ತಿದೆ, ಮಕ್ಕಳು ಬಿದ್ದರೆ ಚರ್ಮ ಸುಲಿಯುತ್ತದೆ. ಅದೂ ಸುಳ್ಳಲ್ಲ. ಎಣಿಕೆಯ ಹೊತ್ತಿಗೆ ಹದಿನೈದು ಜನ ಎದ್ದರು. ಅಜ್ಜಿ ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದುಕೊಳ್ಳುತ್ತಿದ್ದಳು, ಸೊಂಟ ಬೆಂಚು ಬಿಟ್ಟಿತ್ತು, ಮಂಡಿ ನೆಟ್ಟಗಾಗಿರಲಿಲ್ಲ. ಆಗ ಇನ್ನೂ ಕಪ್ಪು ಕೂದಲಿದ್ದ ಇದೇ ಕಾರ್ಯದರ್ಶಿ, ಹೊಸ ನಿಯಮ ಬರೆದವನು ಅವನೆಂದು, ಅವನ ಕಡೆ ನೋಡಿ ಹುಬ್ಬಿನಲ್ಲೇ ಕೇಳಿದರು, ಮುಗಿಸಲೇ ಎಂದು. ಅದನ್ನು ಅವನು ಹತ್ತೊಂಬತ್ತು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ಹೆಂಡತಿಗೂ. ಅವನು ಅಜ್ಜಿಯನ್ನು ನೋಡಿದ, ಇನ್ನೆರಡು ಸೆಕೆಂಡು ಸಾಕು ಎಂದು ಲೆಕ್ಕ ಹಾಕಿದ, ಸೆಕೆಂಡಿನ ಲೆಕ್ಕ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮತ್ತು ಎರಡು ಬೆರಳು ಕೆಳಗಿಳಿಸಿ 'ಮುಗೀತು' ಎಂದು ಸನ್ನೆ ಮಾಡಿದ. ಪರ ಹದಿನೈದು, ವಿರೋಧ ಹದಿನಾರು. ಅಜ್ಜಿ ಆಮೇಲೆ ಪೂರ್ತಿ ಎದ್ದು ನಿಂತಳು. "ನಾನು ಏಳೋದಕ್ಕೆ ಮುಂಚೇನೇ ಒಪ್ಪಿದ್ದೆ ಕಣಪ್ಪ," ಎಂದಳು. "ಬಾಯಿಮಾತು ಲೆಕ್ಕಕ್ಕಿಲ್ಲ ಅಜ್ಜಿ. ಮುಂದಿನ ಸಲ ಬೇಗ ಏಳಿ," ಎಂದ ಅವನು. ಸಭೆಯೆಲ್ಲ ನಕ್ಕಿತು. ಅಜ್ಜಿಯೂ ನಕ್ಕಳು, ನಕ್ಕು ಕೂತಳು, ಕೂರುವುದಕ್ಕೂ ಅಷ್ಟೇ ಹೊತ್ತು ಹಿಡಿಯಿತು. ಮೈದಾನದ ಹುಲ್ಲು ಹಸಿರಾಯಿತು. ಮಗ್ಗದ ಬೀದಿಗೆ ಇವತ್ತಿಗೂ ಟ್ಯಾಂಕರಿನಲ್ಲೇ ನೀರು. ಆರು ವರ್ಷದ ಹಿಂದೆ ಅಜ್ಜಿ ಸತ್ತಾಗ ಅವನು ಶವದ ಮುಂದೆ ದಾಪುಗಾಲು ಹಾಕಿಕೊಂಡು ನಡೆದಿದ್ದ, ಹೊತ್ತವರು ಹಿಂದೆ ಬಿದ್ದಿದ್ದರು. ಥೂ.

ಕಾರ್ಯದರ್ಶಿ ನಿರ್ಣಯ ಓದಿದರು. ಜಿಂಕೆ ತಲೆ ಬಗ್ಗಿಸಿಕೊಂಡು ಕೂತಿದ್ದ, ಆದರೆ ಅವನ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. "ಒಪ್ಪುವವರು ಏಳತಕ್ಕದ್ದು," ಎಂದರು ಕಾರ್ಯದರ್ಶಿ. ಬೆಂಚುಗಳು ಕಿರುಗುಟ್ಟಿದವು. ಹದಿನೈದು ಜನ ಎದ್ದರು, ಪೆನ್ಸಿಲು ಗಾಳಿಯಲ್ಲಿ ಕುಟ್ಟುತ್ತ ಹೊರಟಿತು. ಮೇಷ್ಟ್ರು ಬಲಗಾಲನ್ನು ಕೈಯಿಂದ ಹಿಡಿದು ಮುಂದಕ್ಕೆ ಚಾಚಿದ, ಮಂಡಿಯ ಕೀಲು ಟಕ್ ಎಂದು ಬಿಗಿದುಕೊಂಡಿತು. ಇಡೀ ಸಭೆಗೆ ಕೇಳಿಸಿತು. ಎಡಗಾಲು, ಟಕ್. ಇನ್ನು ಎರಡೂ ಅಂಗೈ ಮೇಜಿನ ಮೇಲೆ ಊರಿ ಒತ್ತುವುದಷ್ಟೇ, ಅದನ್ನು ಇನ್ನೂರು ಸಲ ಮಾಡಿದ್ದಾನೆ. ಭುಜ ಸಿದ್ಧವಾಗಿತ್ತು. "ಹದಿನಾಲ್ಕು, ಹದಿನೈದು," ಎಂದ ಪೆನ್ಸಿಲು ಗಾಳಿಯಲ್ಲಿ ನಿಂತುಬಿಟ್ಟಿತು. ಕಾರ್ಯದರ್ಶಿ ಅವನ ಕಡೆ ನೋಡಿದರು. ಆ ಮನುಷ್ಯ ಎಣಿಸುವಾಗ ಒಬ್ಬರ ಮುಖ ನೋಡಿದ್ದು ಇದು ಎರಡನೆಯ ಸಲ. ಅದೇ ಹುಬ್ಬು, ಈಗ ನರೆತದ್ದು, ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಿತ್ತು: ಕಾಯಲೇ? ಕಾಯುತ್ತಿದ್ದರು. ಇಡೀ ಸಭೆ ಕಾಯುತ್ತಿತ್ತು. ಎಂಥ ಮರ್ಯಾದೆ, ಎಂಥ ದಯೆ! ನಿಂತರೆ ಚಪ್ಪಾಳೆ ಬೀಳುತ್ತದೆ, ನಾಳೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಛಲದಂಕಮಲ್ಲ ಎನ್ನುತ್ತಾರೆ. ನಿಂತವನೇ ಶಕ್ತ ಎಂಬ ಮಾತಿಗೆ ತನ್ನ ಎರಡು ತಿಂಗಳ ಬೆವರಿನ ಸಾಕ್ಷಿ ಕೂಡಿಕೊಳ್ಳುತ್ತದೆ. ಐವತ್ತೆಂಟು ಸೆಕೆಂಡು ಶಕ್ತ, ಐವತ್ತೊಂಬತ್ತನೆಯದಕ್ಕೆ ಏನು? ಅಜ್ಜಿಯ ಕೈ ಬೆಂಚಿನ ಅಂಚನ್ನು ಹಿಡಿದದ್ದು ಕಣ್ಣಿಗೆ ಕಟ್ಟಿತು, ಗೆಣ್ಣುಗಳು ಬೆಳ್ಳಗಾಗಿದ್ದವು. ಅವತ್ತು ಆ ಗೆಣ್ಣುಗಳನ್ನು ತಾನು ಕಂಡಿದ್ದೆ ಎಂಬುದೇ ಇಷ್ಟು ದಿನ ಅವನಿಗೆ ಗೊತ್ತಿರಲಿಲ್ಲ. ಇಲ್ಲ, ನಾನು ನಿಲ್ಲುವುದಿಲ್ಲ. ನಿಲ್ಲಲಾರದೆ ಅಲ್ಲ ಕಣ್ರಯ್ಯಾ, ನಿಲ್ಲುವುದಿಲ್ಲ.

ಮೇಜಿನಿಂದ ಕೈ ತೆಗೆದ. ಗಾಲಿಕುರ್ಚಿಯನ್ನು ಎಲ್ಲರಿಗೂ ಕಾಣುವ ಹಾಗೆ ಪಕ್ಕಕ್ಕೆ ತಿರುಗಿಸಿಕೊಂಡು, ಬಗ್ಗಿ, ಎಡ ಪ್ಯಾಂಟನ್ನು ಮಡಿಕೆ ಮಡಿಕೆಯಾಗಿ ಮೊಣಕಾಲಿನ ಮೇಲಕ್ಕೆ ಎತ್ತಿದ. ಕಬ್ಬಿಣ, ಪಟ್ಟಿ, ಚೀಲದ ಹಳದಿ, ಒಣಗಿದ ರಕ್ತದ ಗೀರು. ಯಾರೋ ಮುಖ ತಿರುಗಿಸಿದರು. "ನೋಡ್ಕೊಳ್ರಪ್ಪ, ಇದರ ವಿಷಯಾನೇ ತಾನೇ ಇಷ್ಟು ದಿನ ಮಾತಾಡಿದ್ದು," ಎಂದ. ಕೀಲಿನ ಚಿಲಕ ಎಳೆದ, ಟಕ್, ಕಾಲು ಮಡಚಿ ಬಿತ್ತು. ಬಲಗಾಲಿನದೂ ಎಳೆದ. ಆಮೇಲೆ ಕೈ ಎತ್ತಿ, ಮೈದಾನದ ಆ ಕೊನೆಗೆ ಕೇಳಿಸುತ್ತಿದ್ದ ಹಳೆಯ ದನಿಯಲ್ಲಿ ಹೇಳಿದ: "ಕಾರ್ಯದರ್ಶಿಗಳೇ, ನಾನು ಒಪ್ಪಿದ್ದೀನಿ. ಕೂತುಕೊಂಡೇ ಒಪ್ಪಿದ್ದೀನಿ. ಬರ್ಕೊಳ್ಳಿ."

"ಆಗಲ್ಲ!" ಎಂದು ಜಿಂಕೆ ನೆಗೆದೆದ್ದ. "ಇದು ನಿಯಮ ಅಲ್ಲ! ಕೂತವರು ಒಪ್ಪದವರು. ಅದನ್ನ ಬರೆದೋರೇ ನೀವು ಮೇಷ್ಟ್ರೇ! ಬಾಯಿಮಾತು ಲೆಕ್ಕಕ್ಕಿಲ್ಲ!"

ಕಾರ್ಯದರ್ಶಿಗಳ ಪೆನ್ಸಿಲು ಇನ್ನೂ ಗಾಳಿಯಲ್ಲಿತ್ತು. ಎಣಿಕೆ ಮುಗಿದಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸದ ಕೈ, ಎದ್ದು ನಿಂತದ್ದನ್ನು ಕಂಡದ್ದೇ ತಾನಾಗಿ ಆ ಕಡೆ ಹೊರಳಿ ಒಂದು ಸಲ ಕುಟ್ಟಿತು. "ಹದಿನಾರು," ಎಂದು ಅವರ ಬಾಯಿ ಹೇಳಿತು, ಪುಸ್ತಕದಲ್ಲಿ ಗೀಟು ಬಿತ್ತು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಜಿಂಕೆಯ ಕಡೆಯವರೇ ಅವನ ಅಂಗಿ ಹಿಡಿದು ಎಳೆದರು. "ಕೂತ್ಕೊಳ್ಳೋ ಮಾರಾಯಾ, ಕೂತ್ಕೋ!" ಜಿಂಕೆ ಅರ್ಧ ಕೂತು ಮತ್ತೆ ಎದ್ದ. "ನಾನು ಆಕ್ಷೇಪಣೆಗೆ ಎದ್ದಿದ್ದು!" ಕಾರ್ಯದರ್ಶಿ ಬೆವರುತ್ತ ನಿಯಮದ ಹಾಳೆ ತಿರುವಿದರು. "ಯಾತಕ್ಕೆ ಎದ್ದಿರಿ ಅಂತ ನಿಯಮದಲ್ಲಿ ಕೇಳಿಲ್ಲ ಸಾರ್. ಎಣಿಕೆ ವೇಳೆ ನಿಂತಿದ್ರಿ. ನಿಂತವರು ಒಪ್ಪಿದವರು." ಮೇಲುಗಡೆ ವ್ಯಾಯಾಮದ ಹೆಂಗಸು ಕಿಸಕ್ಕೆಂದಳು, ಅದು ಹಿಂದಿನ ಬೆಂಚಿಗೆ, ಅಲ್ಲಿಂದ ಮುಂದಿನ ಬೆಂಚಿಗೆ ಹತ್ತಿ ಸಭೆಯೆಲ್ಲ ನಗತೊಡಗಿತು. ಜಿಂಕೆ ನಗುವಿನ ನಡುವೆ ನಿಂತಿದ್ದ, ಮುಖ ಕೆಂಪಗೆ, ಸೀಟಿಗೆ ಮುಂಚೆ ಓಡಿ ಸಿಕ್ಕಿಬಿದ್ದ ಹನ್ನೆರಡು ವರ್ಷದವನ ಹಾಗೆ. ಅವನು ನೆಗೆಯುತ್ತಾನೆಂದು ನನಗೆ ಗೊತ್ತಿತ್ತೇ, ಎಂದು ಮೇಷ್ಟ್ರು ತನ್ನನ್ನೇ ಕೇಳಿಕೊಂಡ. ಕೈ ಎತ್ತುವಾಗ ಆ ಎತ್ತಿದ ಹಿಮ್ಮಡಿಯ ಮೇಲೆ ನನ್ನ ಕಣ್ಣಿತ್ತೇ? ಇತ್ತು, ಇರಲಿಲ್ಲ, ಎರಡಕ್ಕೂ ಆಣೆ ಇಡಲು ಅವನು ತಯಾರಿರಲಿಲ್ಲ. ಒಂದು ಮಾತ್ರ ನಿಜ, ಗೆದ್ದಾಗಿತ್ತು. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ತನ್ನ ನಿಯಮವೇ ತನ್ನನ್ನು ಗೆಲ್ಲಿಸಿತ್ತು, ಜಿಂಕೆಯ ಮೈ ಮಾಡಿದ್ದನ್ನು ಜಿಂಕೆಯ ಮನಸ್ಸೆಂದು ಬರೆದುಕೊಂಡು. ಸಭೆ ನಗುತ್ತಲೇ ಇತ್ತು. ಇದೇ ನಗು, ಇದೇ ಬೆಂಚುಗಳು, ಅವತ್ತು ಅಜ್ಜಿ.

"ಸಾಕು!" ಎಂದು ಮೇಜು ಗುದ್ದಿದ. "ನಗಬೇಡ್ರಿ. ಲೋ ಜಿಂಕೆ, ನೀನು ಒಪ್ಪಿದ್ದೀಯೇನೋ?"

"ಇಲ್ಲ! ಸತ್ತರೂ ಇಲ್ಲ!"

"ಆದ್ರೆ ನಿಂತಿದ್ದೀಯಲ್ಲ."

"ನಿಂತ್ರೆ ಒಪ್ಪಿದ ಹಾಗೇನಾ? ನಾನು ಬಾಯಿಬಿಟ್ಟು ಹೇಳ್ತಿಲ್ವಾ? ನನ್ನ ಬಾಯಿಮಾತಿಗೆ ಬೆಲೆ ಇಲ್ವಾ?"

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಜಿಂಕೆಗೆ ತಿಳಿಯಿತು. ಮುಖದ ಕೆಂಪು ನಿಧಾನವಾಗಿ ಇಳಿಯಿತು. ಮೇಷ್ಟ್ರು ಅವಸರ ಮಾಡಲಿಲ್ಲ. ಈಗ ಅವನಿಗೆ ಕಾಯಲು ಬರುತ್ತಿತ್ತು. "ಇದೆ ಕಣೋ," ಎಂದ, ಸಾಧ್ಯವಾದಷ್ಟು ಮೆತ್ತಗೆ. "ಯಾಕಿಲ್ಲ. ನೀನೇ ಹೇಳಪ್ಪ, ಯಾವುದು ಬೇಕು? ನಿಂತಿದ್ದೇ ಲೆಕ್ಕ ಅಂದ್ರೆ ನೀನು ನನ್ನ ಕಡೆ, ಹದಿನಾರು. ಹೇಳಿದ್ದು ಲೆಕ್ಕ ಅಂದ್ರೆ ನಿನ್ನನ್ನ ಅಳಿಸಿ ನನ್ನನ್ನ ಬರೀತಾರೆ, ಆಗ್ಲೂ ಹದಿನಾರು. ಆದ್ರೆ ಆಗ ನೀನು ನನ್ನ ವಿರೋಧಿ ಅಂತ ಮರ್ಯಾದೆಯಾಗಿ ಮನೆಗೆ ಹೋಗಬಹುದು." ಯಾರೂ ನಗಲಿಲ್ಲ. ಜಿಂಕೆ ಬೆಂಚಿನ ಅಂಚು ಹಿಡಿದು ನಿಂತಿದ್ದ. ಮೇಷ್ಟ್ರ ಮಡಚಿ ಬಿದ್ದ ಕಾಲನ್ನು, ಗೀರನ್ನು, ನೆಟ್ಟ ಕಣ್ಣಲ್ಲಿ ನೋಡಿ, "ಅಳಿಸಿ. ಬಾಯಿಮಾತೇ ಲೆಕ್ಕ," ಎಂದು ಕೂತ.

ರಬ್ಬರಿನ ಸದ್ದು ಮೇಲಿನವರೆಗೂ ಕೇಳಿಸಿತು. ಕಾರ್ಯದರ್ಶಿ ಜಿಂಕೆಯ ಗೀಟನ್ನು ಅಳಿಸಿ, ಊದಿ, ಅದೇ ಜಾಗದಲ್ಲಿ ಅಧ್ಯಕ್ಷರ ಗೀಟು ಹಾಕಿದರು. ಪರ ಹದಿನಾರು, ವಿರೋಧ ಹದಿನೈದು. ಚಪ್ಪಾಳೆ ಶುರುವಾಗುವ ಮೊದಲೇ ಮೇಷ್ಟ್ರು ಕೈ ಅಡ್ಡ ಹಿಡಿದ. "ಇನ್ನೊಂದು ಕೆಲಸ ಬಾಕಿ ಇದೆ. ಹತ್ತೊಂಬತ್ತು ವರ್ಷದ ಹಿಂದಿನ ನಡಾವಳಿ ಪುಸ್ತಕ ತರಿಸಿ. ನೀರಿನ ಪೈಪಿನ ಪುಟ."

ಜವಾನ ತಂದ ಪುಸ್ತಕದಲ್ಲಿ ಹುಳು ತಿಂದು ಅಂಚು ಹರಿದಿತ್ತು, ಒಳಗಿನ ಅಕ್ಷರ ಹಾಗೆಯೇ ಇತ್ತು. ಹದಿನೈದು, ಹದಿನಾರು. ವಿರೋಧಿಸಿದವರ ಪಟ್ಟಿಯಲ್ಲಿ, ನಿರ್ಣಯ ತಂದವಳ ಹೆಸರು. ತನ್ನ ನಿರ್ಣಯಕ್ಕೆ ತಾನೇ ವಿರೋಧ. ಹತ್ತೊಂಬತ್ತು ವರ್ಷದಲ್ಲಿ ಈ ಪುಟ ಯಾರಿಗೂ ನಗು ತರಿಸಿರಲಿಲ್ಲ, ಅಳುವನ್ನೂ ತರಿಸಿರಲಿಲ್ಲ. "ಆ ಹೆಸರನ್ನ ಈ ಕಡೆಗೆ ಬರೀರಿ," ಎಂದ ಮೇಷ್ಟ್ರು. "ಬಾಯಿಮಾತು ಲೆಕ್ಕ ಅಂತ ಸಭೆ ಈಗ ಒಪ್ಪಿದೆ. ಅವತ್ತು ಅಜ್ಜಿ ಬಾಯಿಬಿಟ್ಟು ಹೇಳಿದ್ರು, ನೀವೂ ಕೇಳಿದ್ರಿ, ನಾನೂ ಕೇಳಿದ್ದೆ. ಇನ್ನೆರಡು ಸೆಕೆಂಡು ಕೊಟ್ಟಿದ್ರೆ ನಿಂತೇ ಬಿಡ್ತಿದ್ರು. ಕೊಡಬೇಡಿ ಅಂತ ಸನ್ನೆ ಮಾಡಿದೋನು ನಾನು." ಮೇಲೆ ಹೆಂಡತಿ ಕೈಚೀಲವನ್ನು ಪಕ್ಕಕ್ಕಿಟ್ಟಳು. ಅವಳ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ, ಆದರೂ ನೋಡಿದ. ಅವಳು ತಲೆ ಬಗ್ಗಿಸಲಿಲ್ಲ, ಅವನೂ ಬಗ್ಗಿಸಲಿಲ್ಲ.

"ಮೇಷ್ಟ್ರೇ," ಎಂದ ಜಿಂಕೆ, ಈ ಸಲ ಕೂತುಕೊಂಡೇ. "ಅಜ್ಜಿ ಸತ್ತು ಆರು ವರ್ಷ ಆಯ್ತಲ್ಲ."

"ಬೀದಿ ಸತ್ತಿಲ್ವಲ್ಲ. ಈಗ ಪರ ಹದಿನಾರು, ವಿರೋಧ ಹದಿನೈದು, ಪೈಪು ಮಂಜೂರಾಗಿ ಹತ್ತೊಂಬತ್ತು ವರ್ಷ ಆಯ್ತು. ಮೈದಾನದಿಂದಲೇ ಕವಲು ತೆಗೀರಿ, ಹುಲ್ಲು ಒಣಗಿದ್ರೆ ಒಣಗ್ಲಿ. ಎಂಜಿನಿಯರಿಗೆ ಹೇಳಿ, ನಾಳೆ ನಾನು ಬಂದು ನೋಡ್ತೀನಿ. ಮುಂಬಾಗಿಲಿಗೂ ಇಳಿಜಾರು ಹಾಕಿಸಿ, ಮಾರಾಯ್ರೇ, ಆ ಶೌಚಾಲಯದ ವಾಸನೆ ಕುಡಿದು ಸಾಕಾಗಿದೆ."

ಕಾರ್ಯದರ್ಶಿ ಹೆಸರನ್ನು ಈ ಕಡೆಗೆ ಬರೆದರು. ಬರೆದು ಮುಗಿಸಿ ತಲೆ ಎತ್ತಿದರು. "ತಿದ್ದುಪಡಿಗೆ ಕಾರಣ ನಮೂದಿಸ್ಬೇಕು ಸಾರ್. ಏನಂತ ಬರೀಲಿ?"

"ಅಜ್ಜಿ ಹೇಳಿದ್ದನ್ನೇ ಬರೀರಿ. ಏಳೋದಕ್ಕೆ ಮುಂಚೇನೇ ಒಪ್ಪಿದ್ದರು."